ಬೆಳ್ಳಿ ಹೋದ ಮೇಲೆ

ನಮ್ಮ ಮನೆಯಲ್ಲಿ ಬೆಳ್ಳಿ ಎಂಬ ಬೆಕ್ಕು ಇತ್ತು. ಮೈಯೆಲ್ಲ ಬಿಳಿ, ಬಾಲ ಮಾತ್ರ ಕಪ್ಪು. ಭತ್ತದ ಚೀಲದ ಹತ್ತಿರ ಒಂದು ಇಲಿಯೂ ಸುಳಿಯಲು ಬಿಡುತ್ತಿರಲಿಲ್ಲ. ರಾತ್ರಿ ನಾನು ಓದಲು ಕುಳಿತರೆ ಪುಸ್ತಕದ ಮೇಲೆಯೇ ಬಂದು ಮಲಗುತ್ತಿತ್ತು. “ನಿನಗಿಂತ ಅದೇ ಜಾಸ್ತಿ ಓದ್ತದೆ” ಎಂದು ಅಪ್ಪ ನಗುತ್ತಿದ್ದರು.

ದೀಪಾವಳಿ ಮುಗಿದ ಮೇಲೆ ಒಂದು ದಿನ ಬೆಳ್ಳಿ ಹಾಲು ಮುಟ್ಟಲಿಲ್ಲ. ಹಳದಿ ನೊರೆ ವಾಂತಿ ಮಾಡಿತು. ನೀರಿನ ಬಟ್ಟಲ ಮುಂದೆ ತಲೆ ತಗ್ಗಿಸಿ ಕೂರುತ್ತಿತ್ತು, ಆದರೆ ಕುಡಿಯುತ್ತಿರಲಿಲ್ಲ. “ಹಲ್ಲಿ ತಿಂದಿರಬೇಕು, ಸರಿಹೋಗ್ತದೆ ಬಿಡು” ಎಂದರು ಅಜ್ಜಿ. ಎರಡು ದಿನ ಕಾದೆವು. ಮೂರನೇ ದಿನ ನಾನೂ ಅಪ್ಪನೂ ಬುಟ್ಟಿಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋದೆವು. ಡಾಕ್ಟರು ನೋಡಿ, “ಇದು ಬೆಕ್ಕುಗಳಿಗೆ ಬರುವ ಪಾರ್ವೊ ಎಂಬ ವೈರಸ್ ರೋಗ. ಮನುಷ್ಯರಿಗೆ ಬರೋದಿಲ್ಲ” ಎಂದು ಹೇಳಿ ಗ್ಲೂಕೋಸ್ ಹಾಕಿದರು. ಮರುದಿನ ಬೆಳಗ್ಗೆ ಬೆಳ್ಳಿ ಏಳಲಿಲ್ಲ. ಹಿತ್ತಲಿನ ನುಗ್ಗೆ ಮರದ ಕೆಳಗೆ ಹೂತೆವು. ಆ ದಿನ ನಾನು ಶಾಲೆಗೆ ಬರಲಿಲ್ಲ. ಜ್ವರ ಅಂತ ಮೇಷ್ಟ್ರಿಗೆ ಸುಳ್ಳು ಹೇಳಿದ್ದೆ. ಮೇಷ್ಟ್ರೇ, ಕ್ಷಮಿಸಿ.

ಒಂದು ತಿಂಗಳಲ್ಲಿ ಇಲಿಗಳು ಚೀಲ ತೂತು ಮಾಡಿದವು. ಅತ್ತೆಯ ಮನೆಯಲ್ಲಿ ಬೆಕ್ಕು ಮರಿ ಹಾಕಿತ್ತು. “ಒಂದು ತರೋಣ” ಎಂದರು ಅಮ್ಮ. ನಾನು ಬೇಡವೆಂದು ಅತ್ತೆ. ಬೇರೆ ಬೆಕ್ಕು ಬಂದರೆ ಬೆಳ್ಳಿಯನ್ನು ಎಲ್ಲರೂ ಮರೆತುಬಿಡುತ್ತಾರೆ ಅನ್ನಿಸಿತ್ತು.

ಅಪ್ಪ ಡಾಕ್ಟರನ್ನು ಕೇಳಿಕೊಂಡು ಬಂದರು. ಆ ವೈರಸ್ಸು ಮನೆಯೊಳಗೆ ಒಂದು ವರ್ಷದವರೆಗೂ ಬದುಕಿರಬಹುದಂತೆ. ಹಳೆಯ ಬುಟ್ಟಿ, ಬಟ್ಟೆ ಸುಡಬೇಕು, ನೆಲವನ್ನು ಬ್ಲೀಚಿಂಗ್ ಪೌಡರ್ ನೀರಿನಿಂದ ತೊಳೆಯಬೇಕು. ಮರಿಗೆ ಎರಡು ತಿಂಗಳಾಗುವಾಗ ಲಸಿಕೆ ಶುರು ಮಾಡಿ, 4 ತಿಂಗಳು ತುಂಬುವವರೆಗೆ 3-4 ವಾರಕ್ಕೊಮ್ಮೆ ಹಾಕಿಸಬೇಕು. ಅದು ಮುಗಿದ ಮೇಲೆಯೇ ಮನೆಗೆ ತರಬೇಕು.

ಬುಟ್ಟಿಯನ್ನು ಅಪ್ಪ ಸುಟ್ಟರು. ಆದರೆ ಬೆಳ್ಳಿ ಮಲಗುತ್ತಿದ್ದ ಅಜ್ಜಿಯ ಹಳೇ ಸೀರೆಯ ತುಂಡನ್ನು ನಾನು ಮೊದಲೇ ಅಟ್ಟದ ಮೇಲೆ ಬಚ್ಚಿಟ್ಟಿದ್ದೆ. ಅದರಲ್ಲಿ ಬೆಳ್ಳಿಯ ಕೂದಲು ಇನ್ನೂ ಇತ್ತು. ಯಾರಿಗೂ ಹೇಳಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಆ ಮರಿಯೂ ಹಾಗೆಯೇ ನೀರಿನ ಮುಂದೆ ತಲೆ ತಗ್ಗಿಸಿ ಕೂತರೆ ಅದಕ್ಕೆ ನಾನೇ ಕಾರಣ ಆಗ್ತೇನಲ್ಲ ಎಂದು ಹೆದರಿಕೆಯಾಯಿತು. ಬೆಳಗ್ಗೆ ಬಟ್ಟೆಯನ್ನು ತಂದು ಅಜ್ಜಿಗೆ ಕೊಟ್ಟೆ. ಅಜ್ಜಿ ಬೈಯಲಿಲ್ಲ. “ನೀನೇ ಹಾಕು ಮಗಾ” ಎಂದರು. ನಾನೇ ಬಚ್ಚಲೊಲೆಗೆ ಹಾಕಿದೆ.

ಲಸಿಕೆ ಮುಗಿಯುವವರೆಗೆ ಮರಿ ಅತ್ತೆಯ ಮನೆಯಲ್ಲೇ ಇತ್ತು. ಈಗ ನಮ್ಮಲ್ಲಿದೆ. ಕೆಂಚು ಬಣ್ಣ, ಹೆಸರು ಗುಂಡ. ಅಮ್ಮ ಬೆಳ್ಳಿ ಎಂದೇ ಕರೆಯೋಣ ಎಂದಿದ್ದರು, ನಾನು ಒಪ್ಪಲಿಲ್ಲ. ಗುಂಡನಿಗೆ ಪುಸ್ತಕ ಬೇಡ, ನನ್ನ ಹೆಗಲೇ ಬೇಕು. ಇಲಿ ಕಂಡರೆ ಇನ್ನೂ ಹೆದರುತ್ತಾನೆ. ಆದರೂ ಬೆಳ್ಳಿಯನ್ನು ನಾವು ಯಾರೂ ಮರೆತಿಲ್ಲ.

ಗೆಳೆಯರೇ, ನಿಮ್ಮ ಬೆಕ್ಕು ಊಟ ಬಿಟ್ಟರೆ ನಮ್ಮ ಹಾಗೆ ಎರಡು ದಿನ ಕಾಯಬೇಡಿ. ಮರಿ ಇದ್ದರೆ ಈಗಲೇ ಲಸಿಕೆ ಹಾಕಿಸಿ.

— 7ನೇ ತರಗತಿ ವಿದ್ಯಾರ್ಥಿನಿ