ಮುಖ ತೋರಿಸದ ಆಯಮ್ಮ

ಟಾಮ್ ಅಂಡ್ ಜೆರ್ರಿ ನನಗೆ ಈಗ್ಲೂ ಇಷ್ಟ. ಮೊದಲು ನೋಡಿದ್ದು ಅವ್ವ ಕಸಮುಸುರೆ ಮಾಡ್ತಿದ್ದ ಮನೆಯ ಬಾಗಿಲಾಚೆ ನಿಂತು. ಪೊರಕೆ ಹಿಡ್ಕೊಂಡು ಬರೋ ಕಪ್ಪು ಹೆಂಗಸಿನ ಕಾಲು ಕಂಡ್ರೆ ಎಲ್ರಿಗಿಂತ ಜೋರಾಗಿ ನಗ್ತಿದ್ದವನು ನಾನೇ. ಒಂದಿನ ಅವ್ವ ಕೇಳಿದ್ಲು: "ಆಯಮ್ಮನ ಮುಖ ಯಾಕ್ ತೋರ್ಸಲ್ಲ ಮಗಾ?"

ನನ್ನ ಹತ್ರ ಉತ್ತರ ಇರ್ಲಿಲ್ಲ. ಎಷ್ಟೋ ವರ್ಷದ ಮೇಲೆ ಹುಡುಕಿದೆ. ಪಾತ್ರದ ಹೆಸರು ಮ್ಯಾಮಿ ಟೂ ಶೂಸ್. 1940ರಿಂದ 1952ರವರೆಗೆ ಅದಕ್ಕೆ ದನಿ ಕೊಟ್ಟವರು ಲಿಲಿಯನ್ ರಾಂಡಾಲ್ಫ್ ಎಂಬ ಕಪ್ಪು ನಟಿ. ಅದೇ ದಶಕದಲ್ಲಿ ಬಗ್ಸ್ ಬನ್ನಿಯ ದನಿ ಮೆಲ್ ಬ್ಲಾಂಕ್ ಹೆಸರು ಪರದೆ ಮೇಲೆ ಬರೋಕೆ ಶುರುವಾಯ್ತು. ಲಿಲಿಯನ್ ಹೆಸರು ಬರಲೇ ಇಲ್ಲ.

ಕಪ್ಪು ಹೆಂಗಸು ಅಂದ್ರೆ ಮನೆಗೆಲಸದವಳು ಅನ್ನೋ ಈ ಚಿತ್ರಣವನ್ನು ಅಮೆರಿಕದ ಕಪ್ಪು ಜನರ ಸಂಘಟನೆ ಎನ್‌ಎಎಸಿಪಿ ವಿರೋಧಿಸಿತು. ವಿರೋಧಿಸಲೇಬೇಕಿತ್ತು. ಆದ್ರೆ ಆಮೇಲೆ ಆಗಿದ್ದೇನು? 1960ರ ದಶಕದಲ್ಲಿ ಟಿವಿಗೆ ಅಂತ ಕೆಲವು ಚಿತ್ರಗಳಲ್ಲಿ ಆಕೆಯ ಜಾಗಕ್ಕೆ ಬಿಳಿ ಹೆಂಗಸನ್ನ ಬರೆದು, ಜೂನ್ ಫೋರೆ ಎಂಬ ಬಿಳಿಯ ನಟಿಯ ದನಿ ಹಾಕಿಸಿದ್ರು. (ಫೋರೆ ದೊಡ್ಡ ಕಲಾವಿದೆ, ಆಕೆ ಮೇಲೆ ನನಗೆ ಸಿಟ್ಟಿಲ್ಲ.) ಅವಮಾನ ಅಳಿಸ್ತೀವಿ ಅಂತ ಲಿಲಿಯನ್ನರನ್ನೇ ಅಳಿಸಿದ್ರು.

ಮೊನ್ನೆ ಮೊಬೈಲಲ್ಲಿ ಅವರ ಫೋಟೊ ಅವ್ವಂಗೆ ತೋರಿಸ್ದೆ. ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದ್ಲು. "ಎಷ್ಟ್ ಲಕ್ಷಣವಾಗವ್ಳೆ" ಅಂದ್ಲು.