ಅಳಿಯ ಇಂಜಿನಿಯರ್, ಮಗ ಕಂಟ್ರಾಕ್ಟರ್

ಪ್ರೀತಿಯ ಗೆಳತಿ,

ನಿಮ್ಮ ಮಗಳ ಮದುವೆ ನಿಶ್ಚಯವಾದ ಸುದ್ದಿ ಓದಿ ತುಂಬ ಸಂತೋಷವಾಯಿತು. ಹುಡುಗ ಕೇಂದ್ರ ಲೋಕೋಪಯೋಗಿ ಇಲಾಖೆಯಲ್ಲಿ ಜೂನಿಯರ್ ಇಂಜಿನಿಯರ್, ನಿಮ್ಮ ಮಗ ಅದೇ ಇಲಾಖೆಯ ಗುತ್ತಿಗೆದಾರ. ನೆಂಟಸ್ತನದಿಂದ ಟೆಂಡರಿಗೆ ತೊಂದರೆಯಾಗುತ್ತದೆಯೇ ಎಂದು ಕೇಳಿದ್ದೀರಿ. ಹುಡುಗ ಇರುವ ಸರ್ಕಲ್‌ನಲ್ಲಿ ಮಗ ಟೆಂಡರ್ ಹಾಕುವಂತಿಲ್ಲ. ಬೇರೆ ಕಡೆ ಹಾಕಲು ಅಡ್ಡಿಯಿಲ್ಲ.

ಟೆಂಡರ್ ಷರತ್ತಿನಲ್ಲೇ ಇದು ಬರೆದಿದೆ. ಜೂನಿಯರ್ ಇಂಜಿನಿಯರ್‌ನಿಂದ ಸೂಪರಿಂಟೆಂಡಿಂಗ್ ಇಂಜಿನಿಯರ್‌ವರೆಗೆ ಆ ಸರ್ಕಲ್‌ನ ಯಾರೇ ಆಗಲಿ, ಡಿವಿಜನಲ್ ಅಕೌಂಟೆಂಟ್ ಆಗಲಿ, ಗುತ್ತಿಗೆದಾರನಿಗೆ ಹತ್ತಿರದ ಸಂಬಂಧಿಯಾಗಿರಬಾರದು. ಅಜ್ಜ-ಅಜ್ಜಿ, ಒಡಹುಟ್ಟಿದವರು, ಚಿಕ್ಕಪ್ಪ, ಸೋದರಮಾವ, ಅವರ ಮಕ್ಕಳು ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ; ಮದುವೆಯಿಂದ ಆ ವರಸೆಗೆ ಬಂದವರೂ ಇದ್ದಾರೆ. ಅಕ್ಕನ ಗಂಡನನ್ನು ಬಿಟ್ಟಿಲ್ಲ. ಷರತ್ತು ಮೀರಿದರೆ ಗುತ್ತಿಗೆದಾರರ ಪಟ್ಟಿಯಿಂದ ಹೆಸರೇ ಹೋಗಬಹುದು.

ಹುಡುಗ ಪ್ರಾಮಾಣಿಕ, ಟೆಂಡರ್ ಎಲ್ಲ ಆನ್‌ಲೈನ್, ಅವನ ಕೈಯಲ್ಲೇನಿದೆ ಎಂದಿದ್ದೀರಿ. ಅವನ ಕೈಯಲ್ಲಿ ಎಂ.ಬಿ. ಇದೆ, ಅಳತೆ ಪುಸ್ತಕ. ಕಂಬಿ ಎಷ್ಟು ಕಟ್ಟಿದ್ದಾರೆ, ಪಾಯ ಎಷ್ಟು ಆಳ ಅಗೆದಿದ್ದಾರೆ ಎಂದು ನೋಡಿ ಸಹಿ ಹಾಕುವವನು ಅವನೇ. ಕಾಂಕ್ರೀಟ್ ಸುರಿದ ಮೇಲೆ ಒಳಗಿನ ಕಂಬಿ ಯಾರ ಕಣ್ಣಿಗೂ ಬೀಳುವುದಿಲ್ಲ, ಪುಸ್ತಕದಲ್ಲಿ ಬರೆದದ್ದೇ ಲೆಕ್ಕ, ಬಿಲ್ಲೂ ಅದರ ಮೇಲೆಯೇ. ಟೇಪಿನ ಒಂದು ತುದಿ ಭಾವನ ಕೈಯಲ್ಲಿ, ಇನ್ನೊಂದು ಭಾವಮೈದುನನ ಕೈಯಲ್ಲಿ ಇದ್ದರೆ, ಅಳತೆ ಕರಾರುವಾಕ್ಕಾಗಿದ್ದರೂ ಟೆಂಡರ್ ಸಿಗದೆ ಹೋದ ಗುತ್ತಿಗೆದಾರ ಅದನ್ನು ಹೇಗೆ ನಂಬಬೇಕು? ನನಗೆ ಆತನ ಅನುಮಾನವೂ ನ್ಯಾಯವಾಗಿಯೇ ಕಾಣುತ್ತದೆ. ನಾಳೆ ದೂರು ಬಂದರೆ ನಿಮ್ಮ ಅಳಿಯನ ಪ್ರಾಮಾಣಿಕತೆಗೆ ಸಾಕ್ಷಿ ಹೇಳುವವರು ಮನೆಯವರಷ್ಟೇ ಆಗುತ್ತಾರೆ.

1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳನ್ನು ತೋರಿಸಿ ಯಾರಾದರೂ ನಿಮಗೆ ಧೈರ್ಯ ಹೇಳಬಹುದು. ಕುಟುಂಬದವರಿಗೆ ಹಿತಾಸಕ್ತಿಯಿರುವ ಗುತ್ತಿಗೆಯನ್ನು ನೌಕರ ಮೇಲಧಿಕಾರಿಗೆ ಒಪ್ಪಿಸಬೇಕೆಂದು ಅಲ್ಲಿನ 4ನೇ ನಿಯಮ ಹೇಳುತ್ತದೆ; ಆದರೆ ಮದುವೆಯ ಕಡೆಯ ನೆಂಟರು ಕುಟುಂಬ ಎನಿಸಿಕೊಳ್ಳುವುದು ಅವನನ್ನೇ ಪೂರ್ತಿ ಅವಲಂಬಿಸಿದ್ದರೆ ಮಾತ್ರ. ದುಡಿದು ತಿನ್ನುವ ನಿಮ್ಮ ಮಗ ಆ ಲೆಕ್ಕಕ್ಕೆ ಬರುವುದಿಲ್ಲ, ನಿಜ. ಹಾಗೆಂದು ಟೆಂಡರ್ ಷರತ್ತು ಸಡಿಲವಾಗುವುದಿಲ್ಲ.

ಈಗಲೇ ಇಬ್ಬರೂ ಒಂದೊಂದು ಪತ್ರ ಬರೆಯಲಿ: ಹುಡುಗ ತನ್ನ ಮೇಲಧಿಕಾರಿಗೆ, ಮಗ ಟೆಂಡರ್ ಕರೆಯುವ ಕಚೇರಿಗೆ. ನಡೆಯುತ್ತಿರುವ ಕೆಲಸವಿದ್ದರೆ ಅದರ ಅಳತೆಯನ್ನು ಬೇರೊಬ್ಬರಿಗೆ ವಹಿಸುವಂತೆ ಕೇಳಲಿ. ಸ್ವೀಕೃತಿ ಮುದ್ರೆ ಹಾಕಿಸಿದ ಪ್ರತಿ ಮನೆಯಲ್ಲಿರಲಿ.

ಮದುವೆ ದಿನಾಂಕ ತಿಳಿಸಿ, ಹಿಂದಿನ ದಿನವೇ ಬರುತ್ತೇವೆ.

ನಿಮ್ಮ ಗೆಳತಿ