ಮನಃಸಾಕ್ಷಿಯ ಮೂಲ

‘ಮನಃಸಾಕ್ಷಿ’ ಎಂಬ ಪದದಲ್ಲಿಯೇ ಒಂದು ನ್ಯಾಯಸ್ಥಾನವು ಅಡಗಿದೆ. ಸಾಕ್ಷಿಯೆಂದರೆ ಕಣ್ಣಾರೆ ಕಂಡವನು, ಮಾಡಿದವನಿಂದ ಬೇರೆಯಾದವನು. ಲ್ಯಾಟಿನ್ನಿನ ‘ಕಾನ್‌ಸಿಯೆಂಷಿಯಾ’ ಪದಕ್ಕೂ ಮತ್ತೊಬ್ಬನೊಡನೆ ಕೂಡಿ ಅರಿಯುವುದೆಂದೇ ಮೂಲಾರ್ಥ. ಹೊರಗಿದ್ದ ಈ ಸಾಕ್ಷಿ ಮನುಷ್ಯನ ಒಳಹೊಕ್ಕುದು ಹೇಗೆ?

ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ ಆಣೆಗೆ ಇರುವ ಮಹತ್ತ್ವವು ಕನ್ನಡಿಗರೆಲ್ಲರಿಗೂ ತಿಳಿದುದೇ. ಮಂಜುನಾಥನು ಮಾತು ಬಿಡದವನೆಂದು ಪ್ರಸಿದ್ಧಿ. ನ್ಯಾಯಾಲಯದಲ್ಲಿ ಅಳುಕದೆ ಸುಳ್ಳಾಡಬಲ್ಲವನೂ ಆ ಸನ್ನಿಧಿಯ ಹೆಸರೆತ್ತಿದೊಡನೆ ರಾಜಿಗೆ ಒಪ್ಪುವುದುಂಟು. ಇದು ಬರಿಯ ಭಯವೆಂದು ವಿಚಾರವಾದಿಗಳು ಹೇಳಬಹುದು. ಆದರೆ ತಾನು ಮಾಡಿದುದನ್ನು ತಾನು ಬಲ್ಲೆನೆಂಬ ಅರಿವಿಲ್ಲದೆ ಈ ಭಯವು ಹುಟ್ಟಲಾರದು. (ನಿರಪರಾಧಿಯೂ ಆಣೆಗೆ ಅಂಜುವನೆಂಬುದು ಬೇರೆ ಮಾತು.)

ಮೂಡುಬಿದಿರೆಯ ದಾರಿ ಬೇರೆ. ಅಲ್ಲಿನ ಬಸದಿಯಲ್ಲಿ ಶತಮಾನಗಳ ಕಾಲ ತಾಳೆಗರಿಗಳಲ್ಲಿ ಉಳಿದುಬಂದ ಧವಲಾದಿ ಗ್ರಂಥಗಳು ಕರ್ಮಸಿದ್ಧಾಂತವನ್ನು ವಿವರಿಸುತ್ತವೆ. ಜೈನದರ್ಶನದಲ್ಲಿ ತೀರ್ಪು ನೀಡುವ ಈಶ್ವರನಿಲ್ಲ. ಆದರೂ ಪ್ರತಿಕ್ರಮಣವುಂಟು, ಸಾಧಕನು ತನ್ನ ದೋಷಗಳನ್ನು ತಾನೇ ನೆನೆದು ಅವುಗಳಿಂದ ಹಿಂದಿರುಗುವ ಕ್ರಿಯೆ ಅದು. ಅಪರಾಧಿಯೂ ಸಾಕ್ಷಿಯೂ ಅಲ್ಲಿ ಒಬ್ಬನೇ. ಮಂಜುನಾಥನ ಕ್ಷೇತ್ರದ ಹೆಗ್ಗಡೆಯವರ ಮನೆತನವೂ ಜೈನವೇ ಎಂಬುದು ಕುತೂಹಲಕರ.

ಪಾಶ್ಚಾತ್ಯರಲ್ಲಿ ಬಟ್ಲರನು 1726ರಲ್ಲಿ ಮನಃಸಾಕ್ಷಿಯನ್ನು ಮಾನವಸ್ವಭಾವದಲ್ಲಿಯೇ ನೆಲೆಸಿದ ಅಧಿಕಾರವೆಂದನು. 1871ರಲ್ಲಿ ಡಾರ್ವಿನ್ನನು ಅದರ ಬೇರನ್ನು ಸಂಘಜೀವಿಗಳ ಸಹಜಪ್ರವೃತ್ತಿಯಲ್ಲಿ ಅರಸಿದನು. ಇವರಿಬ್ಬರಿಗಿಂತ ಆಡಂ ಸ್ಮಿತ್ತನ ವಿಚಾರವೇ ಹೆಚ್ಚು ಮನಂಬುಗುವಂಥದು. ಇತರರು ನೋಡುವರೆಂಬ ಅರಿವಿನಿಂದ ಆರಂಭಿಸಿ ಮನುಷ್ಯನು ಕ್ರಮೇಣ ಎದೆಯೊಳಗೊಬ್ಬ ನಿಷ್ಪಕ್ಷಪಾತ ಪ್ರೇಕ್ಷಕನನ್ನು ಕಲ್ಪಿಸಿಕೊಳ್ಳುವನೆಂದು 1759ರಲ್ಲಿ ಅವನು ಬರೆದನು. ಹೊಗಳಿಸಿಕೊಳ್ಳುವ ಆಸೆ ಬೇರೆ, ಹೊಗಳಿಕೆಗೆ ತಕ್ಕವನಾಗುವ ಆಸೆ ಬೇರೆ ಎಂದೂ ವಿಂಗಡಿಸಿದನು.

ಈ ಭೇದಕ್ಕೆ ಬಂಟ್ವಾಳದಂಥ ತಾಲ್ಲೂಕುಗಳಲ್ಲಿ ಒಮ್ಮೆ ಕಠಿನ ಪರೀಕ್ಷೆ ಒದಗಿತು. 1974ರ ಭೂಸುಧಾರಣಾ ತಿದ್ದುಪಡಿಯ ತರುವಾಯ ಗೇಣಿದಾರರು ಭೂ ನ್ಯಾಯಮಂಡಳಿಗಳ ಮುಂದೆ ನಿಂತರು. ಬಾಯಿಮಾತಿನ ಗೇಣಿಗೆ ಕಾಗದವೆಲ್ಲಿಯದು? ಗದ್ದೆಯನ್ನು ಉತ್ತವರಾರೆಂಬುದನ್ನು ನೆರೆಯವನು ಬಲ್ಲ. ಆದರೆ ಅವನು ಧಣಿಯ ಋಣದಲ್ಲಿರುವವನೂ ಆಗಿರಬಹುದು, ಒಕ್ಕಲಿನ ನಂಟನೂ ಆಗಿರಬಹುದು. ನೋಡುವ ಊರೇ ಎರಡಾಗಿ ಒಡೆದಾಗ ಯಾವ ಕಡೆ ತಿರುಗಿದರೂ ಹೊಗಳಿಕೆ ಅರ್ಧ, ತೆಗಳಿಕೆ ಅರ್ಧ. ಅಂಥ ಗಳಿಗೆಯಲ್ಲಿ ಧಣಿಗೆ ವಿರುದ್ಧವಾಗಿ ಇದ್ದುದನ್ನು ಇದ್ದಂತೆ ನುಡಿದವನು, ಮರುದಿನವೂ ಅದೇ ಧಣಿಯ ಅಂಗಳವನ್ನು ದಾಟಿಯೇ ತನ್ನ ಗದ್ದೆಗೆ ಹೋಗಬೇಕಾಗಿತ್ತು.